ಟೂ ಬಿಟ್ಸ್ ಮತ್ತು ನಾಲ್ಕಾಣೆ: ಒಂದು ನಾಣ್ಯಪದದ ಜಾಡು ಹಿಡಿದು

ಅಮೆರಿಕದಲ್ಲಿ ಕೆಲವು ವರ್ಷ ಇದ್ದವರ ಕಿವಿಗೆ 'ಟೂ ಬಿಟ್ಸ್' ಎಂಬ ಮಾತು ಎಲ್ಲೋ ಒಂದು ಕಡೆ ಬಿದ್ದೇ ಇರುತ್ತದೆ. ಕಾಲೇಜು ಫುಟ್‌ಬಾಲಿನ ಕೂಗಿನಲ್ಲಿ, ಹಳೆಯ ಕೌಬಾಯ್ ಚಿತ್ರಗಳ ಮಾತುಕತೆಯಲ್ಲಿ, ಇಲ್ಲವೇ ಯಾರನ್ನಾದರೂ 'ಟೂ ಬಿಟ್' ರಾಜಕಾರಣಿ ಎಂದು ಹೀಗಳೆಯುವಾಗ. ನಿಘಂಟು ತೆರೆದರೆ ಅರ್ಥ ಸುಲಭವಾಗಿಯೇ ಸಿಗುತ್ತದೆ. ಎರಡು ಬಿಟ್ ಎಂದರೆ 25 ಸೆಂಟು, ನಾವು ದಿನವೂ ಕ್ವಾರ್ಟರ್ ಎನ್ನುವ ನಾಣ್ಯ. ನಾಲ್ಕು ಬಿಟ್ ಎಂದರೆ ಅರ್ಧ ಡಾಲರು, ಆರು ಬಿಟ್ ಎಂದರೆ ಮುಕ್ಕಾಲು ಡಾಲರು. ತೊಡಕು ಶುರುವಾಗುವುದು ಮುಂದಿನ ಪ್ರಶ್ನೆಯಲ್ಲಿ. ಹಾಗಾದರೆ ಒಂದು ಬಿಟ್ ಎಷ್ಟು? ಹನ್ನೆರಡೂವರೆ ಸೆಂಟು. ಅಷ್ಟು ಬೆಲೆಯ ನಾಣ್ಯವನ್ನು ಅಮೆರಿಕದ ಟಂಕಸಾಲೆ ಜನರ ಬಳಕೆಗೆಂದು ಎಂದೂ ಅಚ್ಚು ಹಾಕಿಲ್ಲ.

ಇಲ್ಲದ ನಾಣ್ಯಕ್ಕೆ ಹೆಸರು ಹೇಗೆ ಬಂತು, ಬಂದದ್ದು ಇಷ್ಟು ಕಾಲ ಹೇಗೆ ಉಳಿಯಿತು ಎಂಬುದು ಒಂದು ಕುತೂಹಲ. ನನಗೆ ಅದಕ್ಕಿಂತ ಹೆಚ್ಚಿನ ಕುತೂಹಲ ಆ ಅರ್ಧ ಸೆಂಟಿನ ಮೇಲೆ. ಬಾಯಲ್ಲಿರುವ ಲೆಕ್ಕ ಒಂದು, ಜೇಬಿನಲ್ಲಿರುವ ನಾಣ್ಯ ಇನ್ನೊಂದು ಆದಾಗ ಎರಡರ ನಡುವಿನ ಸಂದಿಯಲ್ಲಿ ಸ್ವಲ್ಪ ಹಣ ಬಿದ್ದುಹೋಗುತ್ತದೆ. ಅದನ್ನು ಯಾರು ಎತ್ತಿಕೊಂಡರು?

ಈ ವಿಷಯವನ್ನು ಅಮೆರಿಕದ ಮಕ್ಕಳಿಗೆ ತಿಳಿಸಿ ಹೇಳುವುದು ಕಷ್ಟ, ಕನ್ನಡಿಗರಿಗೆ ಸುಲಭ. ಏಕೆಂದರೆ ನಮ್ಮಲ್ಲಿ ಆಣೆ ಇತ್ತು. 16 ಆಣೆಗೆ ಒಂದು ರೂಪಾಯಿ. 1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯೇ ಪೈಸೆ ಎಂದಾಯಿತು, ಆಣೆ ಲೆಕ್ಕದಿಂದ ಹೋಯಿತು. ನಾನು ಹುಟ್ಟಿದ್ದು ಅದಾದ ಮೇಲೆ. ಆಣೆಯ ನಾಣ್ಯ ಕೊಟ್ಟು ಏನನ್ನೂ ಕೊಂಡವನಲ್ಲ. ಆದರೂ 25 ಪೈಸೆಯ ನಾಣ್ಯಕ್ಕೆ ನಮ್ಮ ಮನೆಯಲ್ಲಿ, ಬೀದಿಯಲ್ಲಿ, ಪೆಪ್ಪರಮೆಂಟಿನ ಅಂಗಡಿಯಲ್ಲಿ 'ನಾಲ್ಕಾಣೆ' ಎಂದೇ ಹೆಸರು. ಹಿರಿಯರು 'ಪಾವಲಿ' ಎನ್ನುತ್ತಿದ್ದರು. 50 ಪೈಸೆ ಎಂಟಾಣೆ, 75 ಪೈಸೆ ಹನ್ನೆರಡಾಣೆ. ಆದರೆ 'ಮೂರಾಣೆ', 'ಐದಾಣೆ' ಎಂಬ ಮಾತು ನಮ್ಮ ಬಾಯಲ್ಲಿ ಉಳಿಯಲಿಲ್ಲ, ಅಷ್ಟಕ್ಕೆ ಸರಿಯಾದ ಪೈಸೆ ಇರಲಿಲ್ಲ. ಅಮೆರಿಕದಲ್ಲಿ ಎರಡು, ನಾಲ್ಕು, ಆರು ಬಿಟ್ ಉಳಿದು ಮೂರು, ಐದು, ಏಳು ಬಿಟ್ ಅಳಿಸಿಹೋದದ್ದೂ ಇದೇ ಕಾರಣಕ್ಕೆ. ಹೋಲಿಕೆ ಬರಿಯ ಸ್ವಭಾವದ್ದಲ್ಲ, ಅಂಕಿಯದ್ದೂ ಹೌದು. ಎರಡಾಣೆ ಎಂದರೆ ರೂಪಾಯಿಯ ಎಂಟನೆಯ ಒಂದು ಪಾಲು, ಹನ್ನೆರಡೂವರೆ ಪೈಸೆ. ಬಿಟ್ ಎಂದರೆ ಡಾಲರಿನ ಎಂಟನೆಯ ಒಂದು ಪಾಲು, ಹನ್ನೆರಡೂವರೆ ಸೆಂಟು.

ಈಗ ಬಿಟ್ಟಿನ ಹುಟ್ಟಿಗೆ ಬರೋಣ. ಅದು ಅಮೆರಿಕಕ್ಕೆ ಬಂದದ್ದು ಸ್ಪೇನಿನ ಬೆಳ್ಳಿಯ ಜೊತೆಗೆ. ಇಂದಿನ ಬೊಲಿವಿಯದ ಪೊಟೊಸಿ ಬೆಟ್ಟದಲ್ಲಿ 1545ರಲ್ಲಿ ಬೆಳ್ಳಿ ಸಿಕ್ಕಿತು. ಅಲ್ಲಿಂದಲೂ ಮೆಕ್ಸಿಕೋದ ಗಣಿಗಳಿಂದಲೂ ಬಂದ ಬೆಳ್ಳಿಯಿಂದ ಸ್ಪೇನಿನವರು ಸುಮಾರು 27 ಗ್ರಾಂ ತೂಕದ ದೊಡ್ಡ ನಾಣ್ಯವೊಂದನ್ನು ಟಂಕಿಸಿದರು. ಬೆಲೆ ಎಂಟು ರಿಯಾಲ್. ಇಂಗ್ಲಿಷರು ಅದನ್ನು 'ಪೀಸ್ ಆಫ್ ಏಟ್' ಎಂದರು, 'ಸ್ಪ್ಯಾನಿಷ್ ಡಾಲರ್' ಎಂದೂ ಕರೆದರು. ಡಾಲರ್ ಎಂಬುದು ಸ್ಪೇನಿನ ಪದವಲ್ಲ. ಈಗಿನ ಚೆಕ್ ದೇಶದ ಯೋಆಖಿಮ್ಸ್‌ಟಾಲ್ ಎಂಬ ಕಣಿವೆಯಲ್ಲಿ 1520ರ ಹೊತ್ತಿಗೆ ಅಚ್ಚಾದ ಬೆಳ್ಳಿನಾಣ್ಯಕ್ಕೆ ಊರಿನ ಹೆಸರಿನಿಂದ 'ಟಾಲರ್' ಎಂದಾಯಿತು, ಅದೇ ಬಾಯಿಂದ ಬಾಯಿಗೆ ಡಾಲರ್ ಆಯಿತು. ಆ ಗಾತ್ರದ ಬೆಳ್ಳಿನಾಣ್ಯಕ್ಕೆಲ್ಲ ಆ ಹೆಸರು ಅಂಟಿತು.

ಉತ್ತರ ಅಮೆರಿಕದ ಬ್ರಿಟಿಷ್ ವಸಾಹತುಗಳಲ್ಲಿ ನಾಣ್ಯದ ಬರ ಯಾವಾಗಲೂ ಇತ್ತು. ಇಂಗ್ಲೆಂಡು ತನ್ನ ಬೆಳ್ಳಿಯನ್ನು ಇತ್ತ ಕಳಿಸುತ್ತಿರಲಿಲ್ಲ, ವಸಾಹತುಗಳು ಸ್ವಂತ ಟಂಕಸಾಲೆ ಇಟ್ಟುಕೊಳ್ಳುವುದೂ ಅದಕ್ಕೆ ಹಿಡಿಸುತ್ತಿರಲಿಲ್ಲ. (1652ರಲ್ಲಿ ಮ್ಯಾಸಚೂಸೆಟ್ಸ್ ಒಂದನ್ನು ತೆರೆದಿತ್ತು, ಅದು ಬಹುಕಾಲ ನಡೆಯಲಿಲ್ಲ.) ಆದರೆ ವೆಸ್ಟ್ ಇಂಡೀಸಿನ ದ್ವೀಪಗಳಿಗೆ ಇಲ್ಲಿಂದ ಮೀನು, ಮರ, ಹಿಟ್ಟು ಹೋಗುತ್ತಿತ್ತು, ಹಿಂದಿರುಗುವ ಹಡಗಿನಲ್ಲಿ ಕಾಕಂಬಿಯ ಜೊತೆಗೆ ಸ್ಪೇನಿನ ಬೆಳ್ಳಿಯೂ ಬರುತ್ತಿತ್ತು. ಹೀಗಾಗಿ ಲೆಕ್ಕದ ಪುಸ್ತಕದಲ್ಲಿ ಪೌಂಡು, ಷಿಲ್ಲಿಂಗು, ಪೆನ್ಸು, ಗಲ್ಲಾಪೆಟ್ಟಿಗೆಯಲ್ಲಿ ರಿಯಾಲು. ಚಿಲ್ಲರೆ ಬೇಕಾದಾಗ ದೊಡ್ಡ ನಾಣ್ಯವನ್ನೇ ಉಳಿಯಿಂದ ಹೋಳಿಗೆಯ ಹಾಗೆ ನಾಲ್ಕು ಭಾಗ, ಎಂಟು ಭಾಗ ಮಾಡುವ ರೂಢಿ ಇತ್ತು, ದ್ವೀಪಗಳಲ್ಲಂತೂ ಹೆಚ್ಚಾಗಿ. ಅಂಥ ಒಂದು ತುಂಡೇ ಬಿಟ್ ಎಂದು ಜನಪ್ರಿಯ ಪುಸ್ತಕಗಳೆಲ್ಲ ಬರೆಯುತ್ತವೆ. ಕತೆ ಚೆನ್ನಾಗಿದೆ, ಆದರೆ ಪೂರ್ತಿ ಹಾಗಲ್ಲ. ಒಂದು ರಿಯಾಲ್, ಎರಡು ರಿಯಾಲ್, ಅರ್ಧ ರಿಯಾಲಿನ ನಾಣ್ಯಗಳನ್ನು ಟಂಕಸಾಲೆಗಳೇ ದುಂಡಗೆ ಅಚ್ಚು ಹಾಕುತ್ತಿದ್ದವು. ಇಂಗ್ಲಿಷಿನಲ್ಲಿ ಸಣ್ಣ ನಾಣ್ಯಕ್ಕೆ ಬಿಟ್ ಎನ್ನುವುದು ಅದಕ್ಕೂ ಮೊದಲಿನಿಂದ ಇತ್ತು. ಕಳ್ಳರ ಗುಟ್ಟಿನ ಭಾಷೆಯಲ್ಲಿ ಹಣಕ್ಕೇ ಅದು ಹೆಸರಾಗಿತ್ತು. ಮೂರು ಪೆನ್ಸಿನ ನಾಣ್ಯವನ್ನು ಬ್ರಿಟನ್ನಿನಲ್ಲಿ 'ಥ್ರೆಪನಿ ಬಿಟ್' ಎಂದೇ ಕರೆಯುತ್ತಿದ್ದರು. ಅದನ್ನು ಯಾರೂ ಉಳಿಯಿಂದ ಕತ್ತರಿಸಿರಲಿಲ್ಲ.

ಬಿಟ್ ಎಂದರೆ ಮೂಲದಲ್ಲಿ ಕಚ್ಚಿ ತೆಗೆದ ಚೂರು. ಕಚ್ಚು ಎಂಬ ಅರ್ಥದ 'ಬೈಟ್' ಕ್ರಿಯಾಪದವೂ ಅದೂ ಒಂದೇ ಬೇರಿನವು. ಭಾಷಾವಿಜ್ಞಾನಿಗಳು ಆ ಬೇರನ್ನು ಹಿಂಬಾಲಿಸಿ ಹೋದಾಗ ಸಿಗುವುದು ಸೀಳು, ಒಡೆ ಎಂಬ ಅರ್ಥದ ಇಂಡೋ-ಯುರೋಪಿಯನ್ ಧಾತು, ಸಂಸ್ಕೃತದ 'ಭಿದ್' ಕೂಡ ಅದರದೇ ಸಂತಾನ. ನಮ್ಮ 'ಭೇದ' ಅಲ್ಲಿಂದ ಬಂದದ್ದು, 'ಭಿನ್ನ' ಅಲ್ಲಿಂದ ಬಂದದ್ದು. ಕಾಲು, ಅರೆ, ಮುಕ್ಕಾಲುಗಳ ಲೆಕ್ಕಕ್ಕೆ ಕನ್ನಡ ಶಾಲೆಗಳಲ್ಲಿ ಏನೆನ್ನುತ್ತೇವೆ? ಭಿನ್ನರಾಶಿ. ಡಾಲರಿನ ಎಂಟನೆಯ ಪಾಲಿಗೂ ನಮ್ಮ ಗಣಿತದ ಪಾಠಕ್ಕೂ ಹೀಗೆ ಬಹು ದೂರದ ನೆಂಟಸ್ತಿಕೆ ಇದೆ. 'ಬಿಡಿಗಾಸು' ಪದದ 'ಬಿಡಿ' ಮಾತ್ರ ನಮ್ಮದೇ ದ್ರಾವಿಡ ಪದ. ಉಚ್ಚಾರದಲ್ಲಿ ಹತ್ತಿರ ಬಂದರೂ ಬಿಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಗಣಕಯಂತ್ರದ ಬಿಟ್ ಕೂಡ ಬೇರೆಯೇ. 'ಬೈನರಿ ಡಿಜಿಟ್' ಎಂಬೆರಡು ಪದಗಳನ್ನು ಜಾನ್ ಟ್ಯೂಕಿ ಎಂಬ ಸಂಖ್ಯಾಶಾಸ್ತ್ರಜ್ಞ ಕುಗ್ಗಿಸಿದ್ದು, ಕ್ಲಾಡ್ ಶಾನನ್ 1948ರ ತನ್ನ ಲೇಖನದಲ್ಲಿ ಬಳಸಿ ಅಚ್ಚಿಗೆ ತಂದದ್ದು. ಬಿಟ್‌ಕಾಯಿನ್ ಎಂಬ ಹೆಸರಿನಲ್ಲಿರುವುದು ಈ ಗಣಕದ ಬಿಟ್ಟೇ, ಕಡಲುಗಳ್ಳರ ಬಿಟ್ ಅಲ್ಲ.

ರಿಯಾಲಿನ ಬಗ್ಗೆಯೂ ಒಂದು ಮಾತು. ಸ್ಪ್ಯಾನಿಷಿನಲ್ಲಿ ಅದರ ಅರ್ಥ 'ರಾಜನದು' ಎಂದು. ಇದೇ ಬೆಳ್ಳಿನಾಣ್ಯಗಳು ಹಡಗು ಹತ್ತಿ ಅರಬ್ಬರ ಬಂದರುಗಳಿಗೂ ಹೋದವು, ಹೆಸರು ಅಲ್ಲಿ ನೆಲೆಯೂರಿತು. ಮಸ್ಕತ್ತಿನಲ್ಲೋ ದೋಹಾದಲ್ಲೋ ರಿಯಾದಿನಲ್ಲೋ ದುಡಿಯುವ ನಮ್ಮ ಕನ್ನಡಿಗರು ತಿಂಗಳ ಕೊನೆಗೆ ಎಣಿಸುವ ರಿಯಾಲು, ಪದದ ಮಟ್ಟಿಗೆ, ಅಮೆರಿಕದ ಬಿಟ್ಟಿನ ಖಾಸಾ ಅಣ್ಣ.

ಎಂಟು ರಿಯಾಲಿನ ಡಾಲರು ಎಲ್ಲ ವಸಾಹತುಗಳಿಗೂ ಒಂದೇ, ಆದರೆ ಅದಕ್ಕೆ ಎಷ್ಟು ಷಿಲ್ಲಿಂಗ್ ಎಂಬುದು ಊರಿಗೊಂದು. ನ್ಯೂಯಾರ್ಕಿನಲ್ಲಿ ಎಂಟು, ಹಾಗಾಗಿ ಒಂದು ಬಿಟ್ ಎಂದರೆ ಸರಿಯಾಗಿ ಒಂದು ಷಿಲ್ಲಿಂಗು. ನ್ಯೂ ಇಂಗ್ಲೆಂಡಿನಲ್ಲಿ ಆರು ಷಿಲ್ಲಿಂಗು. ಬಿಟ್ಟಿಗೆ ಅಲ್ಲಿ ಒಂಬತ್ತು ಪೆನ್ಸು ಬಿದ್ದು 'ನೈನ್‌ಪೆನ್ಸ್' ಎಂದೇ ಹೆಸರಾಯಿತು. ಪೆನ್ಸಿಲ್ವೇನಿಯದಲ್ಲಿ ಏಳೂವರೆ. ಅಲ್ಲಿ ಬಿಟ್ಟಿನ ಬೆಲೆ ಹನ್ನೊಂದು ಪೆನ್ಸು ಚಿಲ್ಲರೆ, 'ಇಲೆವೆನ್‌ಪೆನಿ ಬಿಟ್' ಎನ್ನಲು ನಾಲಿಗೆ ಹೊರಳದೆ ಜನ ಅದನ್ನು 'ಲೆವಿ' ಮಾಡಿದರು, ಅದರ ಅರ್ಧಕ್ಕೆ 'ಫಿಪ್' ಎಂದರು. ನ್ಯೂ ಆರ್ಲಿಯನ್ಸಿನಲ್ಲಿ ಆ ಅರ್ಧ ಬಿಟ್ಟಿಗೆ ಫ್ರೆಂಚರ ಬಾಯಿಂದ ಬಂದ ಹೆಸರು 'ಪಿಕಯೂನ್'. ಬೆಲೆ ಆರೂಕಾಲು ಸೆಂಟು, ಥೇಟ್ ನಮ್ಮ ಒಂದಾಣೆ. 1837ರಲ್ಲಿ ಅಲ್ಲಿ ಶುರುವಾದ ಪತ್ರಿಕೆಯೊಂದು ಬೆಲೆಯನ್ನೇ ಹೆಸರಾಗಿ ಇಟ್ಟುಕೊಂಡಿತು. 'ಟೈಮ್ಸ್-ಪಿಕಯೂನ್' ಎಂಬ ಹೆಸರಿನಲ್ಲಿ ಆ ನಾಣ್ಯ ಇನ್ನೂ ಜೀವಂತವಾಗಿದೆ.

ಸ್ವಾತಂತ್ರ್ಯ ಬಂದ ಮೇಲೆ ಹೊಸ ದೇಶ ಯಾವ ಹಣ ಬಳಸಬೇಕು ಎಂಬ ಪ್ರಶ್ನೆಗೆ ಥಾಮಸ್ ಜೆಫರ್ಸನ್ ಎರಡು ಉತ್ತರ ಕೊಟ್ಟ. ಜನರ ಕೈಗೆ ಪರಿಚಯವಿರುವ ಡಾಲರನ್ನೇ ಇಟ್ಟುಕೊಳ್ಳಿ, ಆದರೆ ಅದನ್ನು ಹತ್ತರ ಲೆಕ್ಕದಲ್ಲಿ ಒಡೆಯಿರಿ. 1792ರ ನಾಣ್ಯ ಕಾಯಿದೆ ಹಾಗೇ ಮಾಡಿತು. ಬಳಕೆಯಲ್ಲಿದ್ದ ಸ್ಪೇನಿನ ಡಾಲರುಗಳನ್ನು ತೂಗಿ ನೋಡಿ ಹೊಸ ಡಾಲರಿಗೆ 371.25 ಗ್ರೇನ್ ಶುದ್ಧ ಬೆಳ್ಳಿ ಎಂದು ಗೊತ್ತುಮಾಡಿದರು. (ಈಸ್ಟ್ ಇಂಡಿಯಾ ಕಂಪನಿಯ 1835ರ ರೂಪಾಯಿಯಲ್ಲಿ ಇದ್ದದ್ದು 165 ಗ್ರೇನ್ ಶುದ್ಧ ಬೆಳ್ಳಿ. ಭಾಗಿಸಿ ನೋಡಿದರೆ ಡಾಲರಿಗೆ ಸರಿಯಾಗಿ ಎರಡೂಕಾಲು ರೂಪಾಯಿ. ಊರಿಗೆ ಹಣ ಕಳಿಸುವವರು ಇದನ್ನು ಓದಿ ನಕ್ಕುಬಿಡಿ.) ಹತ್ತು ಡಾಲರಿಗೆ 'ಈಗಲ್', ಡಾಲರಿನ ಹತ್ತನೆಯ ಪಾಲಿಗೆ 'ಡೈಮ್', ನೂರನೆಯ ಪಾಲಿಗೆ 'ಸೆಂಟ್', ಸಾವಿರದ ಪಾಲಿಗೆ 'ಮಿಲ್' ಎಂದು ಕಾಯಿದೆ ಹೆಸರಿಟ್ಟಿತು. ಈಗಲ್ ಮತ್ತು ಮಿಲ್ ಇಂದು ಅಂಗಡಿಯ ಮಾತಿನಲ್ಲಿಲ್ಲ. ಯಾವ ಕಾಯಿದೆಯೂ ಹೆಸರಿಸದ ಬಿಟ್ ಉಳಿದಿದೆ.

ಹತ್ತರ ಲೆಕ್ಕದಲ್ಲಿ ಕಾಲು ಭಾಗ ಸುಲಭವಾಗಿ ಕೂರುವುದಿಲ್ಲ. ಒಂದು, ಎರಡು, ಐದು, ಹತ್ತು, ಇಪ್ಪತ್ತು ಎಂದು ಹೋಗುವುದು ಅದರ ಸಹಜ ನಡಿಗೆ. ಯೂರೋದಲ್ಲಿ, ಬ್ರಿಟನ್, ಆಸ್ಟ್ರೇಲಿಯಾ, ಸಿಂಗಪುರಗಳಲ್ಲಿ 20ರ ನಾಣ್ಯವಿದೆ. ಅಮೆರಿಕದಲ್ಲಿ ಮಾತ್ರ 25. ಎರಡು ರಿಯಾಲಿನ ನಾಣ್ಯಕ್ಕೆ ಒಗ್ಗಿಹೋದ ಜನರಿಗೆ ಅದೇ ಅಳತೆಯದು ಬೇಕಾಗಿತ್ತು, 1796ರಲ್ಲಿ ಮೊದಲ ಕ್ವಾರ್ಟರ್ ಹೊರಬಂತು. ನಮ್ಮ ಸರಕಾರ 1957ರಲ್ಲಿ 25 ಪೈಸೆಯ ನಾಣ್ಯ ತಂದದ್ದರ ಹಿಂದೆಯೂ ನಾಲ್ಕಾಣೆಯ ನೆನಪಿತ್ತು.

ಜನ ಸಹಜವಾಗಿ ಎಣಿಸುವುದು ಅರ್ಧ ಮಾಡುತ್ತ ಹೋಗಿ. ರೊಟ್ಟಿಯನ್ನು ಹತ್ತು ಸಮಭಾಗ ಮಾಡಿ ನೋಡಿ, ಕಷ್ಟ ಗೊತ್ತಾಗುತ್ತದೆ. ಎಂಟು ಭಾಗ ಮಾಡುವುದು ಮಕ್ಕಳಾಟ. ಅರೆ, ಕಾಲು, ಅರೆಕಾಲು, ವೀಸ ಎಂಬ ನಮ್ಮ ಹಳೆಯ ಲೆಕ್ಕ ಹೀಗೇ ಇಳಿಯುತ್ತದೆ. ಅಮೆರಿಕದ ಕಾಯಿದೆ ಬಂದ 1792ರಲ್ಲೇ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆ. ಅವನ ಬೆಳ್ಳಿನಾಣ್ಯಗಳ ಸಾಲು ಅರ್ಧಿಸುವ ಲೆಕ್ಕಕ್ಕೆ ಒಳ್ಳೆಯ ಮಾದರಿ. ಎರಡು ರೂಪಾಯಿಯ ಹೈದರಿ, ಒಂದರ ಇಮಾಮಿ, ಅರ್ಧದ ಆಬಿದಿ, ಕಾಲಿನ ಬಾಕಿರಿ, ಎಂಟನೆಯ ಪಾಲಿನ ಜಾಫರಿ, ಹದಿನಾರನೆಯದಕ್ಕೆ ಕಾಜಿಮಿ, ಮೂವತ್ತೆರಡನೆಯದಕ್ಕೆ ಖಿಜ್ರಿ. ಜಾಫರಿ ಎಂದರೆ ಮೈಸೂರಿನ ಬಿಟ್ ಎನ್ನಬಹುದು. ಆದರೆ ಅದು ಅರಸನಿಟ್ಟ ಹೆಸರು, ಸಂತೆಯಲ್ಲಿ ಹುಟ್ಟಿದ್ದಲ್ಲ. 1799ರ ನಂತರ ಈ ಸಾಲಿನ ಹೆಸರುಗಳು ನಾಣ್ಯಸಂಗ್ರಹಕಾರರ ಪಟ್ಟಿಗಳಿಗೆ ಸೇರಿದವು.

ಇಷ್ಟು ಹಿನ್ನೆಲೆ ಸಾಕು, ಅರ್ಧ ಸೆಂಟಿಗೆ ಬರುತ್ತೇನೆ. ಕಾಯಿದೆ ಡಾಲರನ್ನು ಹತ್ತರಲ್ಲಿ ಒಡೆದರೂ ಸ್ಪೇನಿನ ಬೆಳ್ಳಿ ಚಲಾವಣೆಯಲ್ಲಿ ಮುಂದುವರಿಯಿತು, ಬೆಲೆಗಳನ್ನು ಬಿಟ್ಟಿನಲ್ಲೇ ಹೇಳುವುದೂ ಮುಂದುವರಿಯಿತು. ಅದರಿಂದ ದೊಡ್ಡ ತೊಂದರೆಯೇನೂ ಇರಲಿಲ್ಲ, ಏಕೆಂದರೆ 1793ರಿಂದ ಅಮೆರಿಕದಲ್ಲಿ ಅರ್ಧ ಸೆಂಟಿನ ತಾಮ್ರದ ನಾಣ್ಯವೂ ಇತ್ತು. ಒಂದು ಡೈಮ್, ಎರಡು ಸೆಂಟು, ಒಂದು ಅರ್ಧ ಸೆಂಟು ಎಣಿಸಿ ಇಟ್ಟರೆ ಒಂದು ಬಿಟ್ ಚುಕ್ತಾ. 1857ರ ಫೆಬ್ರವರಿ 21ರ ಕಾಯಿದೆ ಎರಡು ಕೆಲಸ ಮಾಡಿತು. ವಿದೇಶಿ ನಾಣ್ಯಗಳ ಕಾನೂನು ಮಾನ್ಯತೆಯನ್ನು ತೆಗೆದುಹಾಕಿತು, ಅದೇ ಏಟಿಗೆ ಅರ್ಧ ಸೆಂಟನ್ನೂ ನಿಲ್ಲಿಸಿತು. ಸವೆದ ಹಳೆಯ ರಿಯಾಲನ್ನು ಸರಕಾರಿ ಕಚೇರಿಗೆ ಒಯ್ದವರಿಗೆ ಹನ್ನೆರಡೂವರೆಯಲ್ಲ, 10 ಸೆಂಟಿನ ಲೆಕ್ಕ ಹಿಡಿದರು. ಎರಡು ರಿಯಾಲಿಗೆ 20. ಬೆಳ್ಳಿಯ ತೂಕ ನೋಡಿದರೆ ಅದು ಅನ್ಯಾಯವೇನಲ್ಲ, ನಾಣ್ಯಗಳು ಅಷ್ಟು ಸವೆದಿದ್ದವು. ಆದರೆ ನಿನ್ನೆ ಹನ್ನೆರಡೂವರೆಗೆ ತೆಗೆದುಕೊಂಡು ಇವತ್ತು ಹತ್ತಕ್ಕೆ ಕೊಡಬೇಕಾದವನಿಗೆ ಆ ಸಮಾಧಾನ ಎಷ್ಟು ದಿನ ಸಾಕಾದೀತು?

ನಾಣ್ಯ ಹೋಯಿತು. ಅರ್ಧ ಸೆಂಟೂ ಹೋಯಿತು. ಬೆಲೆ ಮಾತ್ರ ಬಿಟ್ಟಿನಲ್ಲೇ ಉಳಿಯಿತು, ಅದರಲ್ಲೂ ಸೆಂಟುಗಳು ಓಡಾಡದ ಪಶ್ಚಿಮದ ರಾಜ್ಯಗಳಲ್ಲಿ. ಅಲ್ಲಿ ಏನಾಗುತ್ತಿತ್ತು ಎಂಬುದನ್ನು ಅತ್ಯಂತ ಚೊಕ್ಕವಾಗಿ ಬರೆದವನು ರಾಬರ್ಟ್ ಲೂಯಿ ಸ್ಟೀವನ್‌ಸನ್. 'ಟ್ರೆಷರ್ ಐಲೆಂಡ್' ಬರೆದ ಆತನೇ. ಆ ಕಾದಂಬರಿಯಲ್ಲಿ ಗಿಣಿ ಕೂಗುವುದು ಇದೇ ಎಂಟು ರಿಯಾಲಿನ ನಾಣ್ಯದ ಹೆಸರನ್ನು. 1879ರಲ್ಲಿ ಆತ ವಲಸೆಗಾರರ ರೈಲಿನಲ್ಲಿ ಕ್ಯಾಲಿಫೋರ್ನಿಯಕ್ಕೆ ಹೋದ. 'ಅಕ್ರಾಸ್ ದಿ ಪ್ಲೇನ್ಸ್' ಎಂಬ ಬರಹದಲ್ಲಿ ಆತ ವಿವರಿಸುವ ಲೆಕ್ಕ ಹೀಗಿದೆ. ಒಂದು ಲೋಟ ಬಿಯರಿಗೆ ಒಂದು ಬಿಟ್. ನಿಮ್ಮ ಹತ್ತಿರ ಡೈಮ್ ಇದ್ದರೆ ಅದನ್ನೇ ಇಡಿ, ಅಂಗಡಿಯವನು ಒಪ್ಪಿಕೊಳ್ಳುತ್ತಾನೆ. ಅದು 'ಷಾರ್ಟ್ ಬಿಟ್', ನಿಮಗೆ ಎರಡೂವರೆ ಸೆಂಟು ಉಳಿತಾಯ. ಡೈಮ್ ಇಲ್ಲದೆ ಕ್ವಾರ್ಟರ್ ಕೊಟ್ಟಿರೋ, ಅವನು ಹಿಂದಕ್ಕೆ ಕೊಡುವುದು ಒಂದು ಡೈಮ್ ಮಾತ್ರ. ಅಂದರೆ ಬಿಯರಿಗೆ 15 ಸೆಂಟು ಬಿತ್ತು, ಅದು 'ಲಾಂಗ್ ಬಿಟ್'. ಒಂದೇ ಸರಕು, ಒಂದೇ ಅಂಗಡಿ, ಒಂದೇ ಬೆಲೆ. ಐದು ಸೆಂಟಿನ ವ್ಯತ್ಯಾಸ.

ಸ್ಟೀವನ್‌ಸನ್ ಇದಕ್ಕೆ ಕಂಡುಕೊಂಡ ಉಪಾಯ ಸೊಗಸಾದದ್ದು. ಕ್ವಾರ್ಟರ್ ಹಿಡಿದು ಮೊದಲು ಅಂಚೆ ಕಚೇರಿಗೆ ಹೋಗಿ ಐದು ಸೆಂಟಿನ ಅಂಚೆಚೀಟಿ ಕೊಳ್ಳುವುದು. ಸರಕಾರಿ ಕಚೇರಿ ಬಿಟ್ಟಿನ ಲೆಕ್ಕ ಹಿಡಿಯುವುದಿಲ್ಲ, ಎರಡು ಡೈಮ್ ಹಿಂದಕ್ಕೆ ಕೊಡುತ್ತದೆ. ಆ ಎರಡು ಡೈಮಿಗೆ ಎರಡು ಲೋಟ ಬಿಯರು. ಕ್ವಾರ್ಟರಿನಿಂದ ನೇರವಾಗಿ ಕೊಂಡಿದ್ದರೂ ಸಿಗುತ್ತಿದ್ದದ್ದು ಅದೇ ಎರಡು ಲೋಟ, ಅಂಚೆಚೀಟಿ ಪುಕ್ಕಟೆ. ಬೆಂಜಮಿನ್ ಫ್ರಾಂಕ್ಲಿನ್ ಇದ್ದಿದ್ದರೆ ತನ್ನ ತಲೆ ಸವರುತ್ತಿದ್ದ ಎಂದು ಆತನೇ ಬೆನ್ನು ತಟ್ಟಿಕೊಳ್ಳುತ್ತಾನೆ. ಓದಲು ತಮಾಷೆ. ಆದರೆ ಈ ಉಪಾಯ ಹೊಳೆಯಲು ಬಿಡುವು ಬೇಕು, ಅಂಚೆ ಕಚೇರಿ ಹತ್ತಿರವಿರಬೇಕು, ಲೆಕ್ಕ ಬರಬೇಕು. ಗಣಿಯಲ್ಲೋ ರೈಲು ಹಳಿಯ ಮೇಲೋ ದುಡಿದು ಸಂಜೆ ಕ್ವಾರ್ಟರ್ ಹಿಡಿದು ಅಂಗಡಿಗೆ ಬಂದ ಕೂಲಿಯವನು ಪ್ರತಿ ಸಲವೂ ಲಾಂಗ್ ಬಿಟ್ ತೆತ್ತೇ ಹೋಗುತ್ತಿದ್ದ.

ಸರಕಾರಕ್ಕೆ ಇದು ಗೊತ್ತಿರಲಿಲ್ಲವೆಂದಲ್ಲ. ನೆವಾಡದ ಸೆನೆಟರ್ ಜಾನ್ ಪಿ. ಜೋನ್ಸ್ 20 ಸೆಂಟಿನ ನಾಣ್ಯ ಬೇಕೆಂದು ಹಟ ಹಿಡಿದು ಮಸೂದೆ ತಂದ. ಡೈಮಿನ ವಸ್ತುವಿಗೆ 20 ಸೆಂಟು ಕೊಟ್ಟು 10 ಹಿಂದಕ್ಕೆ ಪಡೆದರೆ ಮೋಸವಿಲ್ಲ ಎಂಬುದು ವಾದ. (ಆತನ ರಾಜ್ಯದಲ್ಲಿ ಬೆಳ್ಳಿ ಗಣಿಗಳಿದ್ದದ್ದೂ ಮರೆಯುವಂಥದ್ದಲ್ಲ.) 1875ರಲ್ಲಿ ನಾಣ್ಯ ಬಂತು. ಆದರೆ ಕ್ವಾರ್ಟರಿನ ಪಕ್ಕದಲ್ಲಿಟ್ಟರೆ ಅವಳಿ ಮಕ್ಕಳ ಹಾಗೆ. ಎರಡರ ಮೇಲೂ ಕುಳಿತ ಸ್ವಾತಂತ್ರ್ಯದೇವಿ, ಹಿಂಬದಿಯಲ್ಲಿ ಹದ್ದು, ಗಾತ್ರ ಬಹುತೇಕ ಒಂದೇ. 20ನ್ನು 25 ಎಂದು ತಿಳಿದು ತೆಗೆದುಕೊಂಡವರು ಇನ್ನೊಂದು ಐದು ಸೆಂಟು ಕಳೆದುಕೊಂಡರು. ನಾಲ್ಕೇ ವರ್ಷಕ್ಕೆ, 1878ರಲ್ಲಿ, ಅದು ಮುಗಿಯಿತು.

ನಮ್ಮಲ್ಲಿ 1957ರಲ್ಲೂ ಹೀಗೇ ಒಂದು ಪಟ್ಟಿ ಬಂದಿತ್ತು. ಒಂದಾಣೆಗೆ 6 ನಯೇ ಪೈಸೆ, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25. ಹದಿನಾರು ಒಂದಾಣೆಗಳನ್ನು ಒಂದೊಂದಾಗಿ ಬದಲಾಯಿಸಿದರೆ 96 ಪೈಸೆ. ಒಟ್ಟಿಗೆ ಕೊಟ್ಟರೆ ರೂಪಾಯಿ ಪೂರಾ. ಒಟ್ಟಿಗೆ ಕೊಡಲು ಹದಿನಾರಾಣೆ ಇರುವವನಿಗೆ ನಷ್ಟವಿಲ್ಲ.

ಬಿಟ್ ಹೀನಾರ್ಥಕ್ಕೆ ಇಳಿದದ್ದು ಸಹಜ. ನಮ್ಮ 'ಮೂರು ಕಾಸಿನ', 'ಚಿಲ್ಲರೆ ಬುದ್ಧಿ', 'ಕವಡೆ ಕಾಸಿನ ಕಿಮ್ಮತ್ತು' ಎಲ್ಲವೂ ಆ ದಾರಿಯವೇ. ಪಿಕಯೂನ್ ಕೂಡ ಇಂಗ್ಲಿಷಿನಲ್ಲಿ ಕ್ಷುಲ್ಲಕ ಎಂಬರ್ಥದ ವಿಶೇಷಣವಾಗಿ ನಿಂತಿದೆ. ಎಲ್ಲ ಭಾಷೆಗಳೂ ಬಡವನ ನಾಣ್ಯವನ್ನು ಬೈಗುಳ ಮಾಡಿಕೊಂಡಿವೆ. ಅದಕ್ಕೆ ಪ್ರತಿಯಾಗಿ ನಿಲ್ಲುವ ಒಂದು ಕತೆ ನನಗೆ ಬಹಳ ಇಷ್ಟ: ಜೋರಾ ನೀಲ್ ಹರ್ಸ್ಟನ್ 1933ರಲ್ಲಿ ಪ್ರಕಟಿಸಿದ 'ದಿ ಗಿಲ್ಡೆಡ್ ಸಿಕ್ಸ್-ಬಿಟ್ಸ್'. ಫ್ಲಾರಿಡದ ಈಟನ್‌ವಿಲ್ ಎಂಬ ಕರಿಯರ ಊರಿಗೆ ಪಟ್ಟಣದಿಂದ ಒಬ್ಬ ಬರುತ್ತಾನೆ. ಗಡಿಯಾರದ ಸರಪಣಿಯಲ್ಲಿ ಹತ್ತು ಡಾಲರಿನ ಚಿನ್ನ, ಟೈಯ ಮೇಲೆ ಐದು ಡಾಲರಿನ ಚಿನ್ನ. ಒಂದು ಎಳೆಯ ಸಂಸಾರ ಆ ಹೊಳಪಿಗೆ ಸಿಕ್ಕಿ ಮುರಿಯುವ ಹಂತಕ್ಕೆ ಹೋಗುತ್ತದೆ. ಕೊನೆಗೆ ನೋಡಿದರೆ ಒಂದು ಚಿನ್ನದ ನೀರು ಹಾಕಿದ ಅರ್ಧ ಡಾಲರು, ಇನ್ನೊಂದು ಚಿನ್ನದ ನೀರು ಹಾಕಿದ ಕ್ವಾರ್ಟರು. ನಾಲ್ಕು ಬಿಟ್ಟು, ಎರಡು ಬಿಟ್ಟು, ಒಟ್ಟು ಆರು. ಶೀರ್ಷಿಕೆಯಲ್ಲಿ '75 ಸೆಂಟು' ಎಂದಿದ್ದರೆ ಕತೆಯ ಅರ್ಧ ಸತ್ವ ಹೋಗುತ್ತಿತ್ತು. ಆ ಊರಿನವರು ಎಣಿಸುತ್ತಿದ್ದದ್ದೇ ಬಿಟ್ಟಿನಲ್ಲಿ.

ಇನ್ನೊಂದು ತುದಿಯಲ್ಲಿ, ಬಿಟ್ಟಿನಿಂದ ಕೋಟಿಗಟ್ಟಲೆ ಮಾಡಿಕೊಂಡವರಿದ್ದರು. ನ್ಯೂಯಾರ್ಕಿನ ಷೇರುಪೇಟೆಯ ಮೂಲವೆನ್ನುವ ಬಟನ್‌ವುಡ್ ಒಪ್ಪಂದವೂ 1792ರದ್ದೇ. ಸ್ಪೇನಿನ ಡಾಲರಿನ ಕಾಲದ ರೂಢಿಯಂತೆ ಅಲ್ಲಿ ಷೇರಿನ ಬೆಲೆಯನ್ನು ಡಾಲರಿನ ಎಂಟನೆಯ ಭಾಗಗಳಲ್ಲಿ ಹೇಳುತ್ತಿದ್ದರು. ಬೀದಿಯಲ್ಲಿ ಒಂಟಿ ಬಿಟ್ ಸತ್ತು ಎಷ್ಟೋ ಕಾಲವಾದರೂ ವಾಲ್ ಸ್ಟ್ರೀಟಿನಲ್ಲಿ ಅದು ಬದುಕಿತ್ತು. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಕನಿಷ್ಠ ಅಂತರ ಒಂದು ಬಿಟ್, ಹನ್ನೆರಡೂವರೆ ಸೆಂಟು. ಆ ಅಂತರ ದಲ್ಲಾಳಿಯ ಪಾಲು. 1994ರಲ್ಲಿ ವಿಲಿಯಂ ಕ್ರಿಸ್ಟಿ ಮತ್ತು ಪಾಲ್ ಷುಲ್ಟ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ನಾಸ್ಡಾಕ್ ಪೇಟೆಯ ಬೆಲೆಗಳನ್ನು ಸೋಸಿ ನೋಡಿ ವಿಚಿತ್ರವೊಂದನ್ನು ಕಂಡರು. ಹೆಚ್ಚು ವ್ಯವಹಾರವಿದ್ದ ಅನೇಕ ಷೇರುಗಳಲ್ಲಿ ಬೆಸ ಎಂಟನೆಯ ಭಾಗಗಳೇ ಇಲ್ಲ! ಒಂದು ಬಿಟ್, ಮೂರು ಬಿಟ್, ಐದು ಬಿಟ್ ಎಂದು ಬೆಲೆ ಹೇಳುವವರೇ ಇಲ್ಲ. ಎಲ್ಲವೂ ಎರಡು, ನಾಲ್ಕು, ಆರು. ಅದರಿಂದ ಕನಿಷ್ಠ ಅಂತರ 25 ಸೆಂಟಿಗೆ ಏರಿತ್ತು. ಕ್ಯಾಲಿಫೋರ್ನಿಯದ ಬಿಯರಂಗಡಿಯವನದು ಹಳೆಯ ಅಭ್ಯಾಸ ಎನ್ನೋಣ. ಇಲ್ಲಿ ಬೇರೆಯೇ ಅನುಮಾನ ಬಂತು. ತನಿಖೆ, ಮೊಕದ್ದಮೆಗಳಾಗಿ ದಲ್ಲಾಳಿ ಸಂಸ್ಥೆಗಳು ಒಟ್ಟು 100 ಕೋಟಿ ಡಾಲರಿಗೂ ಹೆಚ್ಚು ಹಣ ಕೊಟ್ಟು ರಾಜಿ ಮಾಡಿಕೊಂಡವು. 1997ರಲ್ಲಿ ಎಂಟನೆಯ ಭಾಗ ಹದಿನಾರನೆಯದಾಯಿತು, 2001ರಲ್ಲಿ ಎಲ್ಲವೂ ಸೆಂಟಿಗೆ ಬಂತು. ಜೆಫರ್ಸನ್ ಹೇಳಿದ ಹತ್ತರ ಲೆಕ್ಕ ವಾಲ್ ಸ್ಟ್ರೀಟಿಗೆ ತಲುಪಲು 209 ವರ್ಷ ಹಿಡಿಯಿತು. ಸರಕಾರಿ ಸಾಲಪತ್ರಗಳ ಬೆಲೆಯನ್ನು ಈಗಲೂ ಮೂವತ್ತೆರಡನೆಯ ಭಾಗಗಳಲ್ಲಿ ಹೇಳುತ್ತಾರೆ, ನಮ್ಮ ಅರೆವೀಸದ ಲೆಕ್ಕದಲ್ಲಿ.

ಬಿಟ್ಟಿಗೆ ಸಿಕ್ಕ ಒಂದೇ ಒಂದು ಸರಕಾರಿ ಗೌರವ ಡೆನ್ಮಾರ್ಕಿನದು. ತನ್ನ ವೆಸ್ಟ್ ಇಂಡೀಸ್ ದ್ವೀಪಗಳಿಗೆ ಅದು 1905ರಲ್ಲಿ ಹೊರಡಿಸಿದ ಅಂಚೆಚೀಟಿಗಳ ಮೇಲೆ ಬೆಲೆಯನ್ನು 'ಬಿಟ್' ಎಂದೇ ಅಚ್ಚು ಹಾಕಿಸಿತು. ಆದರೆ ಅಲ್ಲಿ ಐದು ಬಿಟ್ಟಿಗೆ ಒಂದು ಸೆಂಟು! 1917ರಲ್ಲಿ ಆ ದ್ವೀಪಗಳನ್ನು ಅಮೆರಿಕ ಕೊಂಡುಕೊಂಡಿತು.

ಇಂದು ಈ ಪದ ಮುಖ್ಯವಾಗಿ ಉಳಿದಿರುವುದು ಬೈಗುಳದಲ್ಲಿ ಮತ್ತು ಆಟದ ಮೈದಾನದಲ್ಲಿ. ಫ್ಲಾರಿಡ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯಗಳಲ್ಲಿ ಜಾರ್ಜ್ ಎಡ್ಮಂಡ್‌ಸನ್ ಎಂಬಾತ 1949ರಿಂದ 2008ರವರೆಗೆ ಪ್ರೇಕ್ಷಕರಿಂದ ಎರಡು ಬಿಟ್ಟಿನಿಂದ ಡಾಲರಿನವರೆಗಿನ ಎಣಿಕೆಯ ಕೂಗು ಹಾಕಿಸುತ್ತಿದ್ದರು. ಅವರ ಹೆಸರೇ 'ಮಿಸ್ಟರ್ ಟೂ ಬಿಟ್ಸ್' ಆಯಿತು. ನಮ್ಮಲ್ಲಿ 2011ರ ಜೂನ್ 30ಕ್ಕೆ 25 ಪೈಸೆಯ ನಾಣ್ಯದ ಚಲಾವಣೆಯನ್ನೇ ನಿಲ್ಲಿಸಿದರು. ನಾಲ್ಕಾಣೆ ಎಂಬ ಹೆಸರಿಗೆ ಉಳಿದಿದ್ದ ಕೊನೆಯ ನಾಣ್ಯವೂ ಅದರೊಂದಿಗೆ ಹೋಯಿತು. 'ಹದಿನಾರಾಣೆ ಸತ್ಯ' ಎಂದರೆ ಪೂರ್ತಿ ಸತ್ಯ ಎಂಬುದು ಊರಿನ ಹಿರಿಯರಿಗೆ ಗೊತ್ತು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಅದನ್ನು ಹೇಳಿಕೊಡುವಾಗ ನಾನು ಬಿಟ್ಟಿನಿಂದಲೇ ಶುರುಮಾಡುತ್ತೇನೆ. ಎಂಟು ಬಿಟ್ಟಿಗೆ ಡಾಲರು, ಹಾಗೆ ಹದಿನಾರು ಆಣೆಗೆ ರೂಪಾಯಿ ಎಂದರೆ ಬೇಗ ಹಿಡಿಯುತ್ತಾರೆ.

ಅರ್ಧ ಸೆಂಟಿನ ಕತೆ 1857ಕ್ಕೆ ಮುಗಿಯಲಿಲ್ಲ. 2025ರ ನವೆಂಬರ್ 12ರಂದು ಫಿಲಡೆಲ್ಫಿಯದ ಟಂಕಸಾಲೆಯಲ್ಲಿ ಚಲಾವಣೆಯ ಕೊನೆಯ ಪೆನಿ ಅಚ್ಚಾಯಿತು. ಕೆನಡ ಇದನ್ನು 2012ರಲ್ಲೇ ಮಾಡಿತ್ತು. ಅಲ್ಲಿ ನಗದು ಕೊಟ್ಟರೆ ಮೊತ್ತವನ್ನು ಹತ್ತಿರದ ಐದು ಸೆಂಟಿಗೆ ಏರಿಸುತ್ತಾರೆ ಇಲ್ಲವೇ ಇಳಿಸುತ್ತಾರೆ. 1 ಡಾಲರ್ 2 ಸೆಂಟು ಆದರೆ ಒಂದೇ ಡಾಲರು, 1 ಡಾಲರ್ 3 ಸೆಂಟು ಆದರೆ ಒಂದು ಡಾಲರ್ ಐದು ಸೆಂಟು. ಕಾರ್ಡಿನಲ್ಲಿ ಕೊಡುವವರಿಗೆ ಮಾತ್ರ ಒಂದೊಂದು ಸೆಂಟಿನ ಲೆಕ್ಕವೂ ಹಾಗೆಯೇ ಉಳಿದಿದೆ.